ವೆಂಟೂ ಬೆಟ್ಟವನ್ನೇರಿದ ಅಣ್ಣತಮ್ಮಂದಿರು

ಬೆಟ್ಟ ಹತ್ತಲು ಹೊರಡುವಾಗ ಜೊತೆಗೆ ಯಾರನ್ನು ಕರೆದೊಯ್ಯಬೇಕೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಸುಮಾರು ಏಳುನೂರು ವರ್ಷಗಳ ಹಿಂದೆ ಇಟಲಿಯ ಕವಿ ಪೆಟ್ರಾರ್ಕನನ್ನು ಈ ಪ್ರಶ್ನೆ ಬಹುವಾಗಿ ಕಾಡಿತು. ನಾವು ಸುನೀತವೆಂದು ಕರೆಯುವ ಹದಿನಾಲ್ಕು ಸಾಲಿನ ಕವಿತೆಯನ್ನು ಯೂರೋಪಿನಲ್ಲೆಲ್ಲ ಪ್ರಸಿದ್ಧಗೊಳಿಸಿದವನು ಇವನೇ. ಒಬ್ಬ ಗೆಳೆಯ ತೀರ ನಿಧಾನ, ಇನ್ನೊಬ್ಬನಿಗೆ ವಿಪರೀತ ಅವಸರ. ಒಬ್ಬನದು ಸದಾ ಮಂಕು ಮುಖ, ಮತ್ತೊಬ್ಬನದು ಅತಿಯಾದ ಉಲ್ಲಾಸ. ಮನೆಯಲ್ಲಿ ಸಹಿಸಬಹುದಾದ ಗುಣಗಳು ದಾರಿಯಲ್ಲಿ ಹೊರೆಯಾದಾವೆಂದು ಎಲ್ಲರನ್ನೂ ಬಿಟ್ಟು, ಕೊನೆಗೆ ತನ್ನ ಒಬ್ಬನೇ ತಮ್ಮ ಗೆರಾರ್ಡೋನನ್ನು ಕರೆದ.

ಬೆಟ್ಟದ ಹೆಸರು ವೆಂಟೂ. ದಕ್ಷಿಣ ಫ್ರಾನ್ಸಿನಲ್ಲಿರುವ ಇದರ ಎತ್ತರ 1,900 ಮೀಟರಿಗೂ ಮಿಗಿಲು. ಜಗದ್ಗುರುಗಳು ರೋಮನ್ನು ಬಿಟ್ಟು ಸಮೀಪದ ಅವಿನ್ಯೋನ್ ನಗರದಲ್ಲಿ ನೆಲೆಸಿದ್ದ ಕಾಲವದು. ಅದೇ ಸೀಮೆಯಲ್ಲಿ ಬೆಳೆದ ಪೆಟ್ರಾರ್ಕನಿಗೆ ಬಾಲ್ಯದಿಂದಲೂ ಆ ಶಿಖರ ಕಣ್ಣೆದುರಿಗೇ ಇತ್ತು.

1336ರ ಏಪ್ರಿಲ್ 26ರಂದು ಸಹೋದರರಿಬ್ಬರೂ ಇಬ್ಬರು ಸೇವಕರೊಡನೆ ಹೊರಟರು. ದೀರ್ಘವಾದ ಹಗಲು, ಹಿತವಾದ ಗಾಳಿ. ತಪ್ಪಲಲ್ಲಿ ಎದುರಾದ ಮುದಿ ಕುರುಬನೊಬ್ಬ ಅವರನ್ನು ತಡೆದ. ಐವತ್ತು ವರ್ಷಗಳ ಹಿಂದೆ ತಾನೂ ಹತ್ತಿದ್ದಾಗಿಯೂ, ಹರಿದ ಬಟ್ಟೆ, ತರಚಿದ ಮೈ, ಪಶ್ಚಾತ್ತಾಪ ಇವಿಷ್ಟೇ ದಕ್ಕಿದ್ದಾಗಿಯೂ ಹೇಳಿದ. ಯುವಕರು ಕೇಳುತ್ತಾರೆಯೇ? ಹೆಚ್ಚಿನ ಬಟ್ಟೆಬರೆಗಳನ್ನು ಅವನ ಬಳಿಯೇ ಬಿಟ್ಟು ಮುಂದೆ ನಡೆದರು.

ಗೆರಾರ್ಡೋ ಕಡಿದಾದ ಏಣನ್ನೇ ಹಿಡಿದು ನೇರವಾಗಿ ಏರತೊಡಗಿದ. ಅಣ್ಣನೋ ಸುಲಭದ ದಾರಿ ಹುಡುಕುತ್ತಾ ಮತ್ತೆ ಮತ್ತೆ ಕಣಿವೆಗೇ ಇಳಿಯುತ್ತಿದ್ದ. ಮೂರು ಬಾರಿಯಾದರೂ ಹೀಗಾಯಿತು; ತಮ್ಮ ನಕ್ಕ. ಕಣಿವೆಯಲ್ಲಿ ದಣಿದು ಕುಳಿತಾಗ, ತನ್ನ ಬದುಕೂ ಹೀಗೆಯೇ ಏರುದಾರಿಯನ್ನು ತಪ್ಪಿಸಿಕೊಳ್ಳುತ್ತಾ ಕಳೆಯಿತಲ್ಲ ಎಂದು ಪೆಟ್ರಾರ್ಕನಿಗೆ ಅನ್ನಿಸಿತಂತೆ. ಶಿಖರದಲ್ಲಿ ಮೋಡಗಳು ಕಾಲಕೆಳಗಿದ್ದವು. ದೂರದಲ್ಲಿ ಹಿಮ ಹೊದ್ದ ಆಲ್ಪ್ಸ್, ಕೆಳಗೆ ರೋನ್ ನದಿ. ಜೊತೆಯಲ್ಲಿದ್ದ ಸಂತ ಅಗಸ್ಟೀನರ ಆತ್ಮನಿವೇದನೆಯ ಪುಟ್ಟ ಪ್ರತಿಯನ್ನು ತೆರೆದ. ಪರ್ವತ ಸಾಗರಗಳಿಗೆ ಬೆರಗಾಗುವ ಮನುಷ್ಯ ತನ್ನನ್ನೇ ಮರೆಯುವನೆಂಬ ಮಾತು ಕಣ್ಣಿಗೆ ಬಿತ್ತು. ಇಳಿಯುವ ದಾರಿಯುದ್ದಕ್ಕೂ ಅವನು ತುಟಿ ಬಿಚ್ಚಲಿಲ್ಲ.

ಇದೆಲ್ಲವನ್ನೂ ಅಂದು ರಾತ್ರಿಯೇ, ಸೇವಕರು ಊಟ ಸಿದ್ಧಪಡಿಸುತ್ತಿದ್ದಾಗ, ತನ್ನ ಗುರು ದಿಯೋನಿಜಿಗೆ ಬರೆದೆನೆಂದು ಅವನ ಪತ್ರ ಹೇಳುತ್ತದೆ. ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಪತ್ರದ ಇಂದಿನ ರೂಪ 1353ರ ಸುಮಾರಿನದೆಂಬುದು ಅನೇಕರ ಮತ. ದಿಯೋನಿಜಿ 1342ರಲ್ಲೇ ತೀರಿಕೊಂಡಿದ್ದರು. ಅವನು ಬೆಟ್ಟ ಹತ್ತಿದ್ದೇ ಸುಳ್ಳೆಂದು ಶಂಕಿಸುವವರೂ ಇದ್ದಾರೆ. ನನಗೆ ಹಾಗೆ ತೋರದು. ಆ ಕುರುಬನೂ ತಮ್ಮನ ನಗುವೂ ಬರಿಯ ಕಲ್ಪನೆಯೆಂದು ನಂಬುವುದು ಕಷ್ಟ. ಆದರೆ ಪತ್ರವನ್ನು ತಿದ್ದುವಾಗ ತಮ್ಮನ ನೇರದಾರಿಗೆ ಹೊಸ ಅರ್ಥ ಬಂದಿರಲೇಬೇಕು. ಏಕೆಂದರೆ 1343ರಲ್ಲಿ ಗೆರಾರ್ಡೋ ಎಲ್ಲವನ್ನೂ ತೊರೆದು ಮೋಂತ್ರಿಯೂವಿನ ಕಾರ್ಥೂಸಿಯನ್ ಮಠ ಸೇರಿದ್ದ. ಅಣ್ಣ ಕೀರ್ತಿಯ ಬೆನ್ನುಹತ್ತಿ ಊರೂರು ಅಲೆಯುತ್ತಲೇ ಇದ್ದ.

1348ರಲ್ಲಿ ಮಹಾಮಾರಿ ಪ್ಲೇಗು ಆ ಮಠಕ್ಕೂ ಬಂದಿತು. ಓಡಿಹೋಗೋಣವೆಂದು ಮಠದ ಹಿರಿಯರೇ ಕರೆದರೂ ಗೆರಾರ್ಡೋ ಕದಲಲಿಲ್ಲವೆಂದು ಪೆಟ್ರಾರ್ಕ್ ಇನ್ನೊಂದು ಪತ್ರದಲ್ಲಿ ಬರೆದಿದ್ದಾನೆ. ರೋಗಿಗಳಾದ ಸನ್ಯಾಸಿಗಳಿಗೆ ಅವನೇ ಶುಶ್ರೂಷೆ ಮಾಡಿದ, ಒಬ್ಬೊಬ್ಬರನ್ನಾಗಿ ತನ್ನ ಕೈಯಾರೆ ಮಣ್ಣು ಮಾಡಿದ. ಕೊನೆಗೆ ಆ ಮಠದಲ್ಲಿ ಜೀವಂತ ಉಳಿದವರು ಅವನು ಮತ್ತು ಒಂದು ನಾಯಿ.