ದ್ವೀಪ ತೊರೆದ ವೈದ್ಯಕೀಯ ಕಾಲೇಜು

ವಿದ್ಯಾಸಂಸ್ಥೆ ಎಂದರೆ ಕಟ್ಟಡವೇ, ವಿದ್ಯಾರ್ಥಿಗಳೇ ಅಥವಾ ಅದು ನೆಲೆಸಿರುವ ಊರೇ? ಕೆರಿಬಿಯನ್ ಸಮುದ್ರದ ಪುಟ್ಟ ದೇಶವಾದ ಡೊಮಿನಿಕಾದ ಇತಿಹಾಸ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಡೊಮಿನಿಕಾದ ಜನಸಂಖ್ಯೆ ಸುಮಾರು 70 ಸಾವಿರ. 1978ರಲ್ಲಿ ಅದು ಬ್ರಿಟಿಷರಿಂದ ಸ್ವತಂತ್ರವಾಯಿತು. ಅದೇ ವರ್ಷ ಅಮೆರಿಕದ ಉದ್ಯಮಿ ರಾಬರ್ಟ್ ರಾಸ್ ಅವರು ರಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ತಮ್ಮ ದೇಶದಲ್ಲಿ ಸೀಟು ಸಿಗದ ಅನೇಕ ಅಮೆರಿಕನ್ನರಿಗೆ ಇದು ವೈದ್ಯರಾಗುವ ದಾರಿಯಾಯಿತು. ಮೊದಲ ಹಂತದ ಪಾಠ ದ್ವೀಪದಲ್ಲಿ, ಆಸ್ಪತ್ರೆಯ ತರಬೇತಿ ಅಮೆರಿಕದಲ್ಲಿ ನಡೆಯುತ್ತಿತ್ತು. ಪೋರ್ಟ್ಸ್‌ಮತ್ ಪಟ್ಟಣದ ಪಕ್ಕದ ಪಿಕಾರ್ಡ್ ಎಂಬ ಹಳ್ಳಿ ಈ ಕಾಲೇಜಿನಿಂದಲೇ ಬೆಳೆಯಿತು. ಜನ ಸಾಲ ಮಾಡಿ ಬಾಡಿಗೆ ಮನೆ ಕಟ್ಟಿಸಿದರು, ಊಟದ ಅಂಗಡಿ ತೆರೆದರು, ಟ್ಯಾಕ್ಸಿ ಓಡಿಸಿದರು.

2017ರ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಚಂಡಮಾರುತ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 260 ಕಿ.ಮೀ. ಪ್ರಧಾನಿ ರೂಸ್‌ವೆಲ್ಟ್ ಸ್ಕೆರಿಟ್ ಅವರ ಮನೆಯ ಛಾವಣಿಯೇ ಹಾರಿಹೋಯಿತು. ಸತ್ತವರು ಮತ್ತು ಕಾಣೆಯಾದವರು 60ಕ್ಕೂ ಹೆಚ್ಚು. ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟಿಗೂ ಮೀರಿದ ನಷ್ಟವಾಯಿತು.

ವಿದ್ಯಾರ್ಥಿಗಳನ್ನು ಹಡಗುಗಳಲ್ಲಿ ಹೊರಗೆ ಸಾಗಿಸಲಾಯಿತು. ಪಾಠ ಮಾತ್ರ ನಿಲ್ಲಲಿಲ್ಲ. ಸೇಂಟ್ ಕಿಟ್ಸ್ ದ್ವೀಪದ ಬಂದರಿನಲ್ಲಿ ನಿಲ್ಲಿಸಿದ ಇಟಲಿಯ ಪ್ರಯಾಣಿಕರ ಹಡಗೊಂದು ಕೆಲವು ತಿಂಗಳು ಅವರಿಗೆ ತರಗತಿಯೂ ಆಯಿತು, ಹಾಸ್ಟೆಲೂ ಆಯಿತು! 2018ರಲ್ಲಿ ಕಾಲೇಜು ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್ ನಗರದಲ್ಲಿ ತಾತ್ಕಾಲಿಕವಾಗಿ ನಡೆಯಿತು. ಡೊಮಿನಿಕಾದ ಜನ ಅದರ ಮರಳುವಿಕೆಗಾಗಿ ಕಾದಿದ್ದರು. ಆದರೆ ಆ ವರ್ಷದ ಆಗಸ್ಟ್‌ನಲ್ಲಿ ಬಂದ ಸುದ್ದಿಯೇ ಬೇರೆ: ಕಾಲೇಜು ಬಾರ್ಬಡೋಸ್‌ಗೆ ಹೋಗಲಿದೆ. 2019ರ ಜನವರಿಯಲ್ಲಿ ಅಲ್ಲಿ ತರಗತಿಗಳು ಆರಂಭವಾದವು. ಸುಮಾರು 40 ವರ್ಷಗಳ ನಂಟು ಮುಗಿಯಿತು.

ಇಂತಹ ಸ್ಥಳಾಂತರ ಹೊಸದಲ್ಲ. ಮಾಂಟ್ಸೆರಾಟ್ ದ್ವೀಪದಲ್ಲಿದ್ದ ಅಮೆರಿಕನ್ ಯೂನಿವರ್ಸಿಟಿ ಆಫ್ ದಿ ಕೆರಿಬಿಯನ್ ಎಂಬ ವೈದ್ಯಕೀಯ ಕಾಲೇಜು 1995ರಲ್ಲಿ ಜ್ವಾಲಾಮುಖಿ ಸಿಡಿದಾಗ ಆ ದ್ವೀಪವನ್ನು ಬಿಟ್ಟು ಸೇಂಟ್ ಮಾರ್ಟನ್‌ನಲ್ಲಿ ನೆಲೆಸಿತು. 2017ರ ಸೆಪ್ಟೆಂಬರ್ 6ರಂದು ಅಲ್ಲಿಗೂ ಇರ್ಮಾ ಚಂಡಮಾರುತ ಬಂತು. ಆಗ ಅದರ ಪಾಠಗಳು ಇಂಗ್ಲೆಂಡಿನ ಪ್ರೆಸ್ಟನ್ ನಗರದಲ್ಲಿ ನಡೆದವು. ಆದರೆ ಈ ಬಾರಿ ಕಾಲೇಜು 2018ರ ಆರಂಭದಲ್ಲೇ ತನ್ನ ದ್ವೀಪಕ್ಕೆ ಮರಳಿತು.

ಪ್ರಿಯ ವಿದ್ಯಾರ್ಥಿಗಳೇ, ಹಡಗಿನಲ್ಲಿ ಕುಳಿತು ಓದಿದವರ ಛಲ ನಮಗೆ ಪಾಠವಾಗಲಿ. ಅದರ ಜೊತೆಗೆ ಪಿಕಾರ್ಡ್‌ನ ಖಾಲಿ ಬಾಡಿಗೆ ಮನೆಗಳನ್ನೂ ನೆನೆಯೋಣ. ಕಾಲೇಜು ಹಡಗು ಹತ್ತಬಲ್ಲದು, ಊರು ಹತ್ತಲಾರದು. ವಿದ್ಯಾರ್ಥಿಗಳ ವರ್ಷ ಹಾಳಾಗದಂತೆ ನೋಡಿಕೊಂಡ ಸಂಸ್ಥೆಯನ್ನು ದೂರುವುದು ಸುಲಭವಲ್ಲ. ಆದರೂ ಸಂಸ್ಥೆ ಕಟ್ಟುವವರು ಒಂದು ಮಾತು ಮರೆಯಬಾರದು: ಅದರ ಋಣ ಅಲ್ಲಿ ಓದಿದವರ ಮೇಲಷ್ಟೇ ಅಲ್ಲ, ಅದಕ್ಕೆ ನೆಲೆ ಕೊಟ್ಟ ಊರಿನ ಮೇಲೂ ಇರುತ್ತದೆ, ಊರಿನ ಋಣವೂ ಸಂಸ್ಥೆಯ ಮೇಲಿರುತ್ತದೆ.