ಗಾಂಧೀಜಿ, ಸಿಂಗರ್ ಮತ್ತು ಮೋಟಾರು

ಯಂತ್ರಗಳನ್ನು ಶಂಕೆಯಿಂದ ಕಂಡ ಗಾಂಧೀಜಿ 1924ರಲ್ಲಿ ಜಿ. ರಾಮಚಂದ್ರನ್ನರೊಡನೆ ಮಾತನಾಡುತ್ತ ಸಿಂಗರ್ ಹೊಲಿಗೆಯ ಯಂತ್ರಕ್ಕೆ ವಿನಾಯಿತಿಯಿತ್ತರು. ಹೆಂಡತಿ ಬೇಸರದಿಂದ ಹೊಲಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ನಿರ್ಮಿಸಿದನೆಂದು ಅವರ ನಂಬಿಕೆ. ಚರಿತ್ರೆ ಹೇಳುವುದು ಬೇರೆ. ಊರೂರು ಅಲೆದ ನಟ ಐಸಾಕ್ ಸಿಂಗರ್ 1850ರಲ್ಲಿ ಬಾಸ್ಟನ್ನಿನ ಕಾರ್ಯಾಗಾರವೊಂದರಲ್ಲಿ ಪರರ ಯಂತ್ರವನ್ನು ತಿದ್ದಹೊರಟು ತನ್ನದನ್ನು ರೂಪಿಸಿದ. ಕಣ್ಣು ಹಣದ ಮೇಲಿತ್ತು. ಕಥೆ ನಿಲ್ಲದಿದ್ದರೂ ಗಾಂಧೀಜಿಯವರ ವಿವೇಚನೆ ನಿಲ್ಲುತ್ತದೆಂದೇ ನನ್ನ ಎಣಿಕೆ. ಆ ಯಂತ್ರವನ್ನು ನಡೆಸುತ್ತಿದ್ದುದು ಮನೆಯವರ ಕೈ, ಇಲ್ಲವೆ ಕಾಲು.

ಹಾಗಾದರೆ ಅದಕ್ಕೆ ಮೋಟಾರು ಕೂಡಿದಾಗ?

ಎರಕದ ಕಬ್ಬಿಣದ ಹಳೆಯ ಯಂತ್ರಗಳಲ್ಲಿ ಅನೇಕಕ್ಕೆ ಕೈಚಕ್ರದ ಕೆಳಗೆ, ಕಂಬದ ಹಿಂಬದಿಯಲ್ಲಿ, ತಿರುಪುಮೊಳೆಯ ತೂತುಳ್ಳ ಉಬ್ಬೊಂದಿರುತ್ತದೆ. ಅಲ್ಲಿ ಪುಟ್ಟ ಮೋಟಾರನ್ನು ಬಿಗಿದು ಬೆಲ್ಟಿನಿಂದ ಚಕ್ರಕ್ಕೆ ಜೋಡಿಸುತ್ತಾರೆ. ಸೂಜಿ, ಬಾಬಿನ್ನು ಮೊದಲಿನಂತೆಯೇ. ಬದಲಾಗುವುದು ಪಾದದ ಕೆಲಸ: ಬಲವನ್ನು ಕೊಡುತ್ತಿದ್ದುದು ಈಗ ವೇಗವನ್ನಷ್ಟೇ ಆಳುತ್ತದೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಬಂದಿತ್ತು. ಆದರೂ ನಮ್ಮ ದರ್ಜಿಗಳು ಬಹುಕಾಲ ಕಾಲನ್ನೇ ನಚ್ಚಿದರು. ಅದನ್ನು ಜಡತೆಯೆನ್ನಲಾರೆ. ಕೊರಳಪಟ್ಟಿಯ ತಿರುವಿನಲ್ಲಿ ಒಂದೊಂದೇ ಹೊಲಿಗೆಯಿಡಲು ಪಾದದಷ್ಟು ವಿಧೇಯವಾದ ಮೋಟಾರನ್ನು ನಾನಂತೂ ಕಾಣೆ. ಕರೆಂಟು ಹೋದರೆ ಪಾದ ನಿಲ್ಲುವುದೂ ಇಲ್ಲ!

ಗಾಂಧೀಜಿಯವರ ಉತ್ತರ ಮಾತ್ರ ನನ್ನದಕ್ಕಿಂತ ಉದಾರ. ಪ್ರತಿಯೊಂದು ಹಳ್ಳಿಮನೆಗೂ ವಿದ್ಯುತ್ತು ದೊರೆಯುವುದಾದರೆ ಹಳ್ಳಿಗರು ಅದರಿಂದ ತಮ್ಮ ಉಪಕರಣಗಳನ್ನು ನಡೆಸಲು ಅಡ್ಡಿಯಿಲ್ಲವೆಂದು 1935ರಲ್ಲಿ ‘ಹರಿಜನ’ದಲ್ಲಿ ಹೇಳಿದರು. ಆದರೆ ವಿದ್ಯುದಾಗಾರ ಗ್ರಾಮಸಮುದಾಯದ್ದೋ ಸರಕಾರದ್ದೋ ಆಗಿರಬೇಕು ಎಂದರು.