ಎರಡನೆಯ ತೊಟ್ಟಿಲು

ಸುಬ್ರಹ್ಮಣ್ಯಕ್ಕೆ ಹೋದವರು ಕುಮಾರಧಾರೆಯ ಸ್ನಾನಘಟ್ಟದಲ್ಲಿ ಸ್ವಲ್ಪ ಹೊತ್ತಾದರೂ ನಿಲ್ಲುತ್ತಾರೆ. ನಾವೂ ನಿಂತಿದ್ದೇವೆ. ಸರ್ಪಸಂಸ್ಕಾರಕ್ಕೆಂದೋ ಆಶ್ಲೇಷ ಬಲಿಗೆಂದೋ ದೂರದ ಊರುಗಳಿಂದ ಬಂದ ದಂಪತಿಗಳು ಒದ್ದೆ ಬಟ್ಟೆಯಲ್ಲಿ ಮೌನವಾಗಿ ಮೆಟ್ಟಿಲೇರುವುದನ್ನು ನೋಡಿದ್ದೇವೆ. ಅವರಲ್ಲಿ ಮಕ್ಕಳಾಗದವರಿದ್ದಾರೆ, ಆದ ಮಕ್ಕಳು ಉಳಿಯದವರೂ ಇದ್ದಾರೆ. ನಮ್ಮ ಮನೆಗಳ ಹೆಂಗಸರು ಇದೇ ದುಃಖವನ್ನು ಹೊತ್ತು ದರ್ಗಾಗಳಿಗೆ ಹೋಗಿದ್ದಾರೆ, ತಾಯಿತ ಕಟ್ಟಿಸಿಕೊಂಡಿದ್ದಾರೆ. ಹರಕೆಯ ದಾರಿ ಬೇರೆಯಾದರೂ ಮಡಿಲು ಬರಿದಾದ ತಾಯಿಯ ಸಂಕಟ ಬೇರೆಯಲ್ಲ.

ಈ ಸಂಕಟಗಳ ನಡುವೆ ಒಂದು ವಿಚಿತ್ರವಾದ ಬಗೆಯನ್ನು ನಮ್ಮ ಅಜ್ಜಿಯರು ಗುರುತಿಸಿದ್ದರು. ಮೊದಲ ಮಗು ಗುಂಡುಗುಂಡಾಗಿ ಹುಟ್ಟುತ್ತದೆ. ಎರಡನೆಯದು ಹುಟ್ಟಿದ ಮರುದಿನವೇ ಅರಿಶಿನದಂತೆ ಹಳದಿಯಾಗಿ ತೀರಿಕೊಳ್ಳುತ್ತದೆ. ಮೂರನೆಯದು ಮೈಯೆಲ್ಲ ಊದಿಕೊಂಡು ಹೊಟ್ಟೆಯಲ್ಲೇ ಸಾಯುತ್ತದೆ. ಕೆಲವರು ನಾಗದೋಷ ಎಂದರು, ಕೆಲವರು ಜಿನ್ನಿನ ಕಾಟ ಎಂದರು. ಕೊನೆಗೆ ಎಲ್ಲರೂ ಸೇರಿ ಬೆರಳು ತೋರಿಸಿದ್ದು ಬಾಣಂತಿಯ ಕಡೆಗೆ. ಅವಳು ‘ಮನ್‌ಹೂಸ್’, ಅವಳ ಕಾಲ್ಗುಣ ಸರಿಯಿಲ್ಲ. ಗಂಡನಿಗೆ ಇನ್ನೊಂದು ಮದುವೆಯಾಗುತ್ತಿತ್ತು. ಮಕ್ಕಳು ಉಳಿಯದಿರುವುದಕ್ಕೆ ಮಲೇರಿಯಾ, ರಕ್ತಹೀನತೆ, ಸೋಂಕು ಹೀಗೆ ನೂರು ಕಾರಣಗಳಿದ್ದವು. ಆದರೆ ಮೊದಲನೆಯದು ಉಳಿದು ನಂತರದವು ಒಂದೊಂದಾಗಿ ಹೋಗುವ ಈ ಕತೆಯ ಗುಟ್ಟು ಬಹಳ ಸಲ ರಕ್ತದಲ್ಲಿತ್ತು.

ಆ ಗುಟ್ಟು ಬಯಲಾದದ್ದು ನ್ಯೂಯಾರ್ಕಿನಲ್ಲಿ. ಸತ್ತ ಮಗುವನ್ನು ಹೆತ್ತ ಒಬ್ಬ ತಾಯಿಗೆ ಗಂಡನ ರಕ್ತ ಕೊಟ್ಟರು. ಇಬ್ಬರದೂ ಒಂದೇ ಗುಂಪು, ಆದರೂ ಆಕೆಯ ಮೈ ಅದನ್ನು ಒಪ್ಪಲಿಲ್ಲ. ಫಿಲಿಪ್ ಲೆವಿನ್ ಮತ್ತು ರುಫುಸ್ ಸ್ಟೆಟ್ಸನ್ 1939ರಲ್ಲಿ ಇದನ್ನು ವರದಿ ಮಾಡಿದರು. ಮರುವರ್ಷ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಕೋತಿಗಳ ರಕ್ತದ ಮೇಲೆ ನಡೆಸಿದ ಪ್ರಯೋಗದಿಂದ ‘ಆರ್‌ಎಚ್’ ಎಂಬ ಹೆಸರು ಬಂತು. ನಾವು ರಕ್ತದ ಗುಂಪಿನ ಮುಂದೆ ಹಾಕುವ ಪಾಸಿಟಿವ್, ನೆಗೆಟಿವ್ ಅದೇ.

ನಡೆಯುವುದು ಇಷ್ಟು. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆದರೆ ಮಗು ಪಾಸಿಟಿವ್ ಆಗಬಹುದು. ಮೊದಲ ಹೆರಿಗೆಯಲ್ಲಿ ಮಾಸು ಬಿಡುವಾಗ ಮಗುವಿನ ರಕ್ತದ ಹನಿಗಳು ತಾಯಿಯ ರಕ್ತದೊಳಗೆ ಸೇರುತ್ತವೆ. ಅವಳ ಮೈ ಅದನ್ನು ಪರಕೀಯವೆಂದು ತಿಳಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಅಷ್ಟರಲ್ಲಿ ಮೊದಲ ಮಗು ಹೊರಗೆ ಬಂದಿರುತ್ತದೆ. ಮುಂದಿನ ಬಸಿರಿನಲ್ಲಿ ಆ ಪ್ರತಿಕಾಯಗಳು ಮಾಸನ್ನು ದಾಟಿ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಗು ರಕ್ತವಿಲ್ಲದೆ ಬಿಳಿಚಿಕೊಳ್ಳುತ್ತದೆ. ಹುಟ್ಟಿದ ಮೇಲೆ ಕಾಮಾಲೆ ಏರಿ ಮಿದುಳನ್ನೂ ಕೆಡಿಸಬಹುದು.

ರೋಗ ತಿಳಿದ ಮೇಲೆ ಮದ್ದು ಹುಡುಕುವ ಕೆಲಸ ನಡೆಯಿತು. 1940ರ ದಶಕದಲ್ಲಿ ಅಮೆರಿಕದ ಲೂಯಿಸ್ ಡೈಮಂಡ್ ಹೊಕ್ಕುಳಿನ ರಕ್ತನಾಳದ ಮೂಲಕ ಶಿಶುವಿನ ರಕ್ತವನ್ನೇ ಬದಲಿಸುವ ಕ್ರಮವನ್ನು ರೂಢಿಗೆ ತಂದರು. 1963ರಲ್ಲಿ ನ್ಯೂಜಿಲೆಂಡಿನ ವಿಲಿಯಂ ಲೈಲಿ ಗರ್ಭದೊಳಗಿನ ಮಗುವಿಗೇ ರಕ್ತ ಕೊಟ್ಟರು. ಆದರೆ ಬೆಂಕಿ ಬಿದ್ದ ಮೇಲೆ ನೀರು ಹೊರುವುದಕ್ಕಿಂತ ಬೆಂಕಿ ಬೀಳದಂತೆ ನೋಡಿಕೊಳ್ಳುವುದು ಮೇಲಲ್ಲವೇ? ಆ ದಾರಿ ಕಂಡವರಲ್ಲಿ ಒಬ್ಬರು ಲಿವರ್‌ಪೂಲಿನ ವೈದ್ಯ ಸಿರಿಲ್ ಕ್ಲಾರ್ಕ್. ಚಿಟ್ಟೆ ಸಾಕುವುದು ಅವರ ಹವ್ಯಾಸ. ಚಿಟ್ಟೆಗಳ ಅನುವಂಶೀಯತೆಯಿಂದಲೇ ಅವರು ಮನುಷ್ಯರ ರಕ್ತದ ಗುಂಪಿನ ಕಡೆಗೆ ಹೊರಳಿದರು. ತಾಯಿಯ ಮೈ ಎಚ್ಚರಗೊಳ್ಳುವ ಮೊದಲೇ ಸಿದ್ಧ ಪ್ರತಿಕಾಯವನ್ನು ಚುಚ್ಚಿ ಮಗುವಿನ ರಕ್ತಕಣಗಳನ್ನು ಅಳಿಸಿಬಿಟ್ಟರೆ ಹೇಗೆ ಎಂದು ಅವರೂ ರೊನಾಲ್ಡ್ ಫಿನ್ ಅವರೂ ಯೋಚಿಸಿದರು. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಫ್ರೆಡಾ, ಗಾರ್ಮನ್, ಪೊಲಾಕ್ ಇದೇ ಹಾದಿಯಲ್ಲಿದ್ದರು. ಅವರಿಗೆ ಪ್ರಯೋಗಕ್ಕೆ ಮೈಯೊಡ್ಡಿದವರು ಸಿಂಗ್ ಸಿಂಗ್ ಜೈಲಿನ ಕೈದಿಗಳು. 1968ರಲ್ಲಿ ‘ಆಂಟಿ-ಡಿ’ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು.

ಈ ಮದ್ದು ಬಹುಕಾಲ ತಯಾರಾದದ್ದು ದಾನಿಗಳ ಪ್ಲಾಸ್ಮಾದಿಂದ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ 1954ರಿಂದ 2018ರವರೆಗೆ 1,173 ಬಾರಿ ದಾನ ಮಾಡಿದರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಅದರಿಂದ ಉಪಕಾರವಾಯಿತೆಂದು ಅಲ್ಲಿನ ರೆಡ್‌ಕ್ರಾಸ್ ಲೆಕ್ಕ ಹಾಕಿದೆ. ಅವರು ತೀರಿಕೊಂಡದ್ದು 2025ರಲ್ಲಿ. ತಾನು ಮುಖ ನೋಡದ ಮಕ್ಕಳಿಗಾಗಿ ತೋಳು ಚಾಚಿದ ಆ ಮನುಷ್ಯನನ್ನು ನಾವು ನೆನೆಯಬೇಕು.

ಇನ್ನು ನಮ್ಮ ಊರಿಗೆ ಬರೋಣ. ಯುರೋಪಿನ ಮೂಲದವರಲ್ಲಿ ನೂರಕ್ಕೆ ಸುಮಾರು 15 ಜನ ನೆಗೆಟಿವ್ ಆದರೆ ನಮ್ಮ ದೇಶದಲ್ಲಿ ಸುಮಾರು 5. ಕಡಿಮೆಯೆನಿಸಬಹುದು, ಆದರೆ ಇಪ್ಪತ್ತು ಬಸುರಿಯರಲ್ಲಿ ಒಬ್ಬಳೆಂದರೆ ಪ್ರತಿ ಹಳ್ಳಿಯಲ್ಲೂ ಅವಳಿದ್ದಾಳೆ. ಹಿಂದೆ ಸುಬ್ರಹ್ಮಣ್ಯದ ಸುತ್ತಿನ ಕಾಡಂಚಿನ ಮನೆಗಳಿಗೆ ಸೂಲಗಿತ್ತಿಯೇ ವೈದ್ಯೆ. ದೊಡ್ಡಾಸ್ಪತ್ರೆ ಎಂದರೆ ನೂರು ಕಿಲೋಮೀಟರು ದೂರದ ಮಂಗಳೂರಿನ ಲೇಡಿಗೋಷನ್. ಮಳೆಗಾಲದಲ್ಲಿ ಹೊಳೆ ದಾಟುವುದೇ ಒಂದು ಸಾಹಸ. ಹಾಸನ–ಮಂಗಳೂರು ರೈಲು ಬಂದದ್ದು 1979ರಲ್ಲಿ. ಸುಳ್ಯದಲ್ಲೇ ವೈದ್ಯಕೀಯ ಕಾಲೇಜು ಆದದ್ದು ಈ ಶತಮಾನದಲ್ಲಿ. ಈಗ ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬರುತ್ತಾಳೆ, ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ಬರೆಯುತ್ತಾರೆ.

ಆ ಎರಡಕ್ಷರವನ್ನು ಓದುವವರು ಬೇಕು. ನೆಗೆಟಿವ್ ಎಂದಿದ್ದರೆ ತಾಯಿಯಲ್ಲಿ ಪ್ರತಿಕಾಯ ಹುಟ್ಟಿದೆಯೇ ಎಂದು ಪರೀಕ್ಷಿಸಬೇಕು. ಹುಟ್ಟಿಲ್ಲವಾದರೆ ಸುಮಾರು 28ನೆಯ ವಾರದಲ್ಲಿ ಒಂದು ಚುಚ್ಚುಮದ್ದು, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಗರ್ಭ ಇಳಿದಾಗಲೂ, ಬಸುರಿ ಬಿದ್ದು ಹೊಟ್ಟೆಗೆ ಪೆಟ್ಟಾದಾಗಲೂ ವೈದ್ಯರಲ್ಲಿ ಇದನ್ನು ಕೇಳಲೇಬೇಕು. ಇಳಿದ ಗರ್ಭದ ಮಾತನ್ನು ಮನೆಯವರು ಮುಚ್ಚಿಡುತ್ತಾರೆ. ಮುಂದಿನ ಮಗುವಿಗೆ ಅದೇ ಮುಳುವಾಗುತ್ತದೆ. ಪ್ರತಿಕಾಯ ಒಮ್ಮೆ ಹುಟ್ಟಿದ ಮೇಲೆ ಈ ಮದ್ದಿನಿಂದ ಫಲವಿಲ್ಲ. ಆಗ ಉಳಿಯುವುದು ದೊಡ್ಡ ಆಸ್ಪತ್ರೆಯ ನಿಗಾ ಮಾತ್ರ.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಹಳೆಯ ‘ಮನ್‌ಹೂಸ್’ ಈಗ ‘ನೆಗೆಟಿವ್’ ಎಂಬ ಹೊಸ ಬುರ್ಖಾ ತೊಟ್ಟು ಬಂದಿದೆ. ಹೆಣ್ಣು ನೋಡಲು ಬಂದವರು ರಕ್ತದ ಗುಂಪು ಕೇಳಿ ಎದ್ದು ಹೋದ ಮನೆಗಳನ್ನು ನಾವು ಬಲ್ಲೆವು. ಗಂಡು ಹೆಣ್ಣು ಒಂದೇ ಗುಂಪಾದರೆ ಮಕ್ಕಳಾಗದು ಎಂಬ ಮಾತೂ ಓಡಾಡುತ್ತಿದೆ. ಅದು ಶುದ್ಧ ಸುಳ್ಳು. ನೆಗೆಟಿವ್ ಎನ್ನುವುದು ಕಾಯಿಲೆಯಲ್ಲ, ಕಣ್ಣಿನ ಬಣ್ಣದಂತೆ ಹುಟ್ಟಿನಿಂದ ಬಂದದ್ದು. ಅದಕ್ಕೆ ಮದ್ದು ಸಿಕ್ಕಿ ಅರ್ಧ ಶತಮಾನ ಕಳೆದಿದೆ.

ಕುಮಾರಧಾರೆಗೆ ಬರುವವರು ಬರಲಿ, ದರ್ಗಾದಲ್ಲಿ ದುಆ ಕೇಳುವವರು ಕೇಳಲಿ. ಅಲ್ಲಿಗೆ ಹೊರಡುವ ಮೊದಲು ಆ ತಾಯಿಯ ರಕ್ತದ ಗುಂಪು ಯಾವುದೆಂದು ಮನೆಯವರೊಬ್ಬರು ವಿಚಾರಿಸಲಿ. ಹಾಗೆ ವಿಚಾರಿಸಿದವರಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಮಾಡದ ತಪ್ಪಿಗೆ ತವರಿಗೆ ಮರಳಿದ್ದಾರೆ. ಅವರ ಋಣ ನಮ್ಮ ಮೇಲಿದೆ.